ಸದನದ ವಕೀಲ ಯಾರ ವಕೀಲ?

1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂದು ಸಂಬಳದ ಕೇಸು ತೀರ್ಮಾನವಾಯಿತು. ಮೂವರು ಸರ್ಕಾರಿ ನೌಕರರು ‘ಕೆಲಸ ಮಾಡಿದ್ದೇವೆ, ದುಡ್ಡು ಕೊಡಿ’ ಅಂತ ಸರ್ಕಾರದ ಮೇಲೆ ಹೂಡಿದ್ದ ಕೇಸು. ಸರ್ಕಾರದ ವಕೀಲರು ಎದ್ದು ನಿಂತು ಏನು ವಾದಿಸಿದರು ಗೊತ್ತಾ? ಈ ನೌಕರರು ಹೇಳುತ್ತಿರುವುದೇ ಸರಿ, ಇವರ ಸಂಬಳ ನಿಲ್ಲಿಸಿದ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂತ. ವಾದಿ, ಪ್ರತಿವಾದಿ ಇಬ್ಬರೂ ಒಂದೇ ಮಾತು ಹೇಳಿದರೆ ಕೋರ್ಟಿಗೆ ಏನು ಕೆಲಸ?

ಆ ಕಾನೂನಿನ ಹಿನ್ನೆಲೆ ಹೀಗಿದೆ. 1943ರ ಫೆಬ್ರವರಿಯಲ್ಲಿ ಮಾರ್ಟಿನ್ ಡೈಸ್ ಅನ್ನುವ ಸದಸ್ಯ ಕೆಳಮನೆಯಲ್ಲಿ 39 ಅಧಿಕಾರಿಗಳ ಹೆಸರು ಹೇಳಿ, ಇವರೆಲ್ಲ ದೇಶಕ್ಕೆ ಅಪಾಯಕಾರಿಗಳು ಅಂತ ಗುಡುಗಿದ. ವಿಚಾರಣೆ ಆಯಿತು. ಕೊನೆಗೆ ಮೂವರ ಹೆಸರು ಉಳಿಯಿತು: ರಾಬರ್ಟ್ ಲವೆಟ್, ಗುಡ್‌ವಿನ್ ವಾಟ್ಸನ್, ವಿಲಿಯಂ ಡಾಡ್. 1943ರ ನವೆಂಬರ್ 15ರ ನಂತರ ಈ ಮೂವರಿಗೆ ಸಂಬಳ ಕೊಡಕೂಡದು ಅಂತ ಹಣಕಾಸು ಮಸೂದೆಯೊಂದರಲ್ಲಿ ಒಂದು ಕಲಮು ಸೇರಿಸಿದರು. ಅಧ್ಯಕ್ಷ ರೂಸ್‌ವೆಲ್ಟ್‌ಗೆ ಅದು ಇಷ್ಟವಿರಲಿಲ್ಲ. ಆದರೆ ಯುದ್ಧದ ಕಾಲ, ದುಡ್ಡು ಬೇಕು, ಮಸೂದೆಯನ್ನು ವಾಪಸ್ ಕಳಿಸುವ ಹಾಗಿರಲಿಲ್ಲ. ತನ್ನ ಆಕ್ಷೇಪ ದಾಖಲಿಸಿಯೇ ಸಹಿ ಹಾಕಿದರು. ಇಲಾಖೆಗಳು ಮೂವರನ್ನೂ ಕೆಲಸದಲ್ಲಿ ಇಟ್ಟುಕೊಂಡವು, ಸಂಬಳ ಮಾತ್ರ ಬರಲಿಲ್ಲ.

ಸರಿ, ಸರ್ಕಾರದ ವಕೀಲರೇ ಎದುರು ಪಾರ್ಟಿ ಕಡೆ ವಾಲಿದ ಮೇಲೆ ಆ ಕಾನೂನು ಮಾಡಿದ ಕಾಂಗ್ರೆಸ್‌ ಪರವಾಗಿ ಮಾತಾಡುವವರು ಯಾರು? (ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಅಮೆರಿಕದ ಸಂಸತ್ತು.) ಕಾಂಗ್ರೆಸ್ಸು ಜಾನ್ ಗಾಲ್ ಅನ್ನುವ ಒಬ್ಬ ವಕೀಲರನ್ನು ಈ ಒಂದು ಕೇಸಿಗಾಗಿ ಗೊತ್ತುಮಾಡಿಕೊಂಡಿತು. ಅವರಿಗೆ ಸಿಕ್ಕ ಜಾಗ ಕಕ್ಷಿದಾರರ ವಕೀಲನದ್ದಲ್ಲ, ‘ಅಮಿಕಸ್ ಕ್ಯೂರಿ’ಯದ್ದು. ಅಂದರೆ ಕೋರ್ಟಿನ ಮಿತ್ರ. ಮದುವೆ ಮನೆಗೆ ಹೋಗಿಯೂ ಬೀಗರ ಸಾಲಿನಲ್ಲಿ ಕೂರದೆ ಪಕ್ಕದ ಮನೆಯವರ ಸಾಲಿನಲ್ಲಿ ಕೂತ ಹಾಗೆ. ಕೋರ್ಟು ಆ ಕಲಮನ್ನು ಹೊಡೆದುಹಾಕಿತು. ವಿಚಾರಣೆಯೇ ಇಲ್ಲದೆ ಹೆಸರು ಹಿಡಿದು ಶಿಕ್ಷೆ ಕೊಡುವ ಅಧಿಕಾರ ಶಾಸಕಾಂಗಕ್ಕಿಲ್ಲ ಅಂದಿತು.

ತೀರ್ಪು ಸರಿಯಾದದ್ದೇ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಈ ಕೇಸು ಎತ್ತಿದ ಇನ್ನೊಂದು ಪ್ರಶ್ನೆ ಅಲ್ಲೇ ಉಳಿಯಿತು. ದೇಶದ ಶಾಸಕಾಂಗವೇ ಕೋರ್ಟಿಗೆ ಹೋಗಬೇಕಾಗಿ ಬಂದರೆ ಅದಕ್ಕೆ ವಕಾಲತ್ತು ಹಾಕುವವರು ಯಾರು?

ನಮಗೆ ಈ ಪ್ರಶ್ನೆ ಸ್ವಲ್ಪ ವಿಚಿತ್ರ ಅನಿಸಬಹುದು. ನಮ್ಮಲ್ಲಿ ಲೋಕಸಭೆಯಲ್ಲಿ ಬಹುಮತ ಇದ್ದವರದ್ದೇ ಸರ್ಕಾರ. ಮಂತ್ರಿಗಳು ಸದನದೊಳಗೇ ಕೂತಿರುತ್ತಾರೆ. ಸಂವಿಧಾನದ 88ನೇ ವಿಧಿ ಅಟಾರ್ನಿ ಜನರಲ್‌ಗೂ ಎರಡೂ ಸದನಗಳಲ್ಲಿ ಮಾತಾಡುವ ಹಕ್ಕು ಕೊಟ್ಟಿದೆ, ಮತ ಹಾಕುವ ಹಾಗಿಲ್ಲ ಅಷ್ಟೇ. ಹೀಗಾಗಿ ಸರ್ಕಾರ ಒಂದು ಕಡೆ, ಸದನ ಇನ್ನೊಂದು ಕಡೆ ಎಳೆಯುವುದು ಅಪರೂಪ. ಅಮೆರಿಕದಲ್ಲಿ ಹಾಗಲ್ಲ. ಅಧ್ಯಕ್ಷನನ್ನು ಬೇರೆಯಾಗಿ ಚುನಾಯಿಸುತ್ತಾರೆ, ಅವನ ಮಂತ್ರಿಗಳು ಸದನದ ಸದಸ್ಯರಾಗಿರುವ ಹಾಗೇ ಇಲ್ಲ. ಅಲ್ಲಿನ ಅಟಾರ್ನಿ ಜನರಲ್ ಅಧ್ಯಕ್ಷನ ಮಂತ್ರಿಮಂಡಲದವನು. ಮಾಮೂಲಿ ದಿನಗಳಲ್ಲಿ ಇದರಿಂದ ತೊಂದರೆ ಇಲ್ಲ. ಸದನದ ಅಧಿಕಾರಿಗಳ ಮೇಲೆ ಯಾರಾದರೂ ಕೇಸು ಹಾಕಿದರೆ ಸರ್ಕಾರಿ ವಕೀಲರೇ ನೋಡಿಕೊಳ್ಳಲಿ ಅಂತ 1875ರಲ್ಲೇ ಕಾನೂನು ಮಾಡಿಟ್ಟಿದ್ದರು. ಜಗಳ ಅಧ್ಯಕ್ಷನ ಜೊತೆಗೇ ಆದಾಗ ಏನು ಗತಿ ಅನ್ನುವುದಕ್ಕೆ ಮಾತ್ರ ಉತ್ತರ ಇರಲಿಲ್ಲ.

ಇಂಥ ಸಂದರ್ಭ ಲವೆಟ್ ಕೇಸಿಗೂ ಮೊದಲೇ ಬಂದಿತ್ತು. ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನ ಪೋಸ್ಟ್‌ಮಾಸ್ಟರ್ ಫ್ರಾಂಕ್ ಮೈಯರ್ಸ್‌ನನ್ನು 1920ರಲ್ಲಿ ಅಧ್ಯಕ್ಷ ವಿಲ್ಸನ್ ಕೆಲಸದಿಂದ ತೆಗೆದರು. 1876ರ ಕಾನೂನಿನ ಪ್ರಕಾರ ಸೆನೆಟ್ ಒಪ್ಪಿಗೆ ಇಲ್ಲದೆ ತೆಗೆಯುವ ಹಾಗಿರಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಬಂದಾಗ ಸರ್ಕಾರದ ವಕೀಲರು ಆ ಕಾನೂನೇ ಅಸಿಂಧು ಅಂತ ವಾದಿಸಿದರು. ಆಗ ಕೋರ್ಟೇ ಕರೆದು, ಕಾಂಗ್ರೆಸ್ ಪರ ಯಾರಾದರೂ ಮಾತಾಡಿ ಅಂತ ಜಾರ್ಜ್ ವಾರ್ಟನ್ ಪೆಪ್ಪರ್ ಅನ್ನುವ ಸೆನೆಟರನ್ನು ಕೇಳಿಕೊಂಡಿತು. 1926ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು ಅಧ್ಯಕ್ಷನ ಪರವಾಗಿತ್ತು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಟ್ಯಾಫ್ಟ್ ಹಿಂದೆ ತಾವೇ ಅಧ್ಯಕ್ಷರಾಗಿದ್ದವರು!

ಆಮೇಲೆ ನಲವತ್ತು, ಐವತ್ತು ವರ್ಷ ಇದೇ ಕಥೆ. ಬೆಂಕಿ ಬಿದ್ದಾಗ ಬಾವಿ ತೋಡುವುದು. 1967ರಲ್ಲಿ ಹಾರ್ಲೆಮ್‌ನಿಂದ ಗೆದ್ದು ಬಂದ ಆಡಂ ಕ್ಲೇಟನ್ ಪವೆಲ್‌ನನ್ನು ಕೆಳಮನೆ ಒಳಗೇ ಬಿಟ್ಟುಕೊಳ್ಳಲಿಲ್ಲ. ಅವನು ಕೋರ್ಟಿಗೆ ಹೋದ. ಸದನದ ಪರ ವಾದಿಸಿದ್ದು ನ್ಯೂಯಾರ್ಕಿನ ಖಾಸಗಿ ಕಂಪನಿಯೊಂದರ ವಕೀಲ ಬ್ರೂಸ್ ಬ್ರೊಮ್ಲಿ. 1969ರಲ್ಲಿ ಸದನ ಸೋತಿತು. 1971ರಲ್ಲಿ ಸೆನೆಟರ್ ಮೈಕ್ ಗ್ರಾವೆಲ್ ವಿಯೆಟ್ನಾಂ ಯುದ್ಧದ ರಹಸ್ಯ ಕಡತಗಳನ್ನು, ಅಂದರೆ ‘ಪೆಂಟಗನ್ ಪೇಪರ್ಸ್’ ಅನ್ನು, ಉಪಸಮಿತಿಯ ಸಭೆ ಕರೆದು ಓದಿಬಿಟ್ಟರು. ಅವರ ಸಹಾಯಕನನ್ನು ವಿಚಾರಣೆಗೆ ಕರೆಯಲು ಹೊರಟಿದ್ದು ಸರ್ಕಾರ, ಅದನ್ನು ವಿರೋಧಿಸಬೇಕಾದ್ದು ಸೆನೆಟ್. ಆಗ ಸುಪ್ರೀಂ ಕೋರ್ಟಿನಲ್ಲಿ ಸೆನೆಟ್ ಪರ ನಿಂತವರು ಸ್ಯಾಮ್ ಅರ್ವಿನ್ ಮತ್ತು ವಿಲಿಯಂ ಸ್ಯಾಕ್ಸ್‌ಬೀ, ಇಬ್ಬರೂ ಸೆನೆಟರ್‌ಗಳೇ. ಒಮ್ಮೆ ಸದಸ್ಯರೇ ಕರಿ ಕೋಟು ಹಾಕಿಕೊಳ್ಳುವುದು, ಒಮ್ಮೆ ಹೊರಗಿನಿಂದ ದುಬಾರಿ ವಕೀಲರನ್ನು ಕರೆಸುವುದು. ಕೇಸು ಮುಗಿದ ಮೇಲೆ ಅವರು ಅವರ ದಾರಿ ಹಿಡಿಯುತ್ತಿದ್ದರು. ಹಿಂದಿನ ಕೇಸಿನಲ್ಲಿ ಸದನ ಏನು ವಾದಿಸಿತ್ತು ಅನ್ನುವುದನ್ನು ನೆನಪಿಟ್ಟುಕೊಂಡು ಮುಂದಿನ ಕೇಸಿಗೆ ತಯಾರಾಗುವ ಒಂದು ಕಚೇರಿಯೇ ಇರಲಿಲ್ಲ.

ಅರ್ವಿನ್ ಹೆಸರು ಬಂತಲ್ಲ, ಅಲ್ಲಿಂದ ಕಥೆ ವಾಟರ್‌ಗೇಟಿಗೆ ತಿರುಗುತ್ತದೆ. 1973ರಲ್ಲಿ ಅದೇ ಅರ್ವಿನ್ ಅಧ್ಯಕ್ಷತೆಯ ಸೆನೆಟ್ ಸಮಿತಿ ನಿಕ್ಸನ್‌ ಮಾತುಕತೆಯ ಟೇಪುಗಳನ್ನು ಕೊಡಿ ಅಂತ ಸಮನ್ಸ್ ಕೊಟ್ಟಿತು. ನಿಕ್ಸನ್ ಕೊಡಲ್ಲ ಅಂದರು. ಸಮಿತಿ ಕೋರ್ಟಿಗೆ ಹೋಯಿತು. ನ್ಯಾಯಾಧೀಶ ಸಿರಿಕಾ ಏನಂದರು? ನಿಮ್ಮ ಈ ಕೇಸು ಕೇಳುವ ಅಧಿಕಾರವನ್ನು ಯಾವ ಕಾನೂನೂ ನನಗೆ ಕೊಟ್ಟಿಲ್ಲ. ಕಾನೂನು ಮಾಡುವವರಿಗೇ ತಮಗೆ ಬೇಕಾದ ಕಾನೂನು ಇಲ್ಲದ ಸ್ಥಿತಿ ನೋಡಿ! ಆ ಡಿಸೆಂಬರಿನಲ್ಲಿ ಕಾಂಗ್ರೆಸ್ ಆ ಸಮಿತಿಯೊಂದಕ್ಕಾಗಿಯೇ ವಿಶೇಷ ಕಾನೂನು ಮಾಡಿತು. ಆದರೂ 1974ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಗೆಸೆಲ್ ಸಮಿತಿಗೆ ಟೇಪು ಕೊಡಿಸಲು ಒಪ್ಪಲಿಲ್ಲ, ಮೇ ತಿಂಗಳಲ್ಲಿ ಮೇಲ್ಮನವಿಯಲ್ಲೂ ಸೋಲಾಯಿತು. ಅದೇ ಜುಲೈ 24ರಂದು ಸುಪ್ರೀಂ ಕೋರ್ಟು ಟೇಪುಗಳನ್ನು ಒಪ್ಪಿಸಿ ಅಂತ 8-0 ಅಂತರದಲ್ಲಿ ಆದೇಶ ಮಾಡಿದ್ದು ವಿಶೇಷ ಪ್ರಾಸಿಕ್ಯೂಟರ್ ಕೇಳಿದ್ದಕ್ಕೆ, ಸೆನೆಟ್ ಕೇಳಿದ್ದಕ್ಕಲ್ಲ. ಆಗಸ್ಟ್ 9ಕ್ಕೆ ನಿಕ್ಸನ್ ಮನೆಗೆ ಹೋದರು. ದೇಶಕ್ಕೆ ಸತ್ಯ ಸಿಕ್ಕಿತು ನಿಜ. ಆದರೆ ಟಿವಿ ಮುಂದೆ ಇಡೀ ದೇಶವನ್ನು ಕೂರಿಸಿದ್ದ ಆ ಸಮಿತಿ ಕೋರ್ಟಿನಿಂದ ಬರಿಗೈಲಿ ಬಂತು.

ವಾಟರ್‌ಗೇಟ್ ಸಮಿತಿ ತನ್ನ ಅಂತಿಮ ವರದಿಯಲ್ಲಿ ಕಾಂಗ್ರೆಸ್ಸಿಗೇ ಸ್ವಂತ ಕಾನೂನು ಸೇವೆ ಇರಬೇಕು ಅಂತ ಶಿಫಾರಸು ಮಾಡಿತು. ಸೆನೆಟರ್ ಜೇಮ್ಸ್ ಅಬೂರೆಸ್ಕ್‌ರಂಥವರು ಅದನ್ನು ಬೆನ್ನು ಹತ್ತಿದರು. 1976ರಲ್ಲಿ ಇನ್ನೊಂದು ಪಾಠ ಆಯಿತು. ಚುನಾವಣಾ ವೆಚ್ಚದ ಕಾನೂನನ್ನು ಪ್ರಶ್ನಿಸಿದ ‘ಬಕ್ಲಿ ವರ್ಸಸ್ ವೇಲಿಯೋ’ ಕೇಸಿನಲ್ಲಿ ನ್ಯಾಯ ಇಲಾಖೆ ಒಂದು ಕೈಯಲ್ಲಿ ಕಾನೂನನ್ನು ಸಮರ್ಥಿಸಿತು, ಇನ್ನೊಂದು ಕೈಯಲ್ಲಿ ಅದೇ ಕಾನೂನಿನ ಒಂದು ಭಾಗದ ಮೇಲೆ ಬಾಣ ಬಿಟ್ಟಿತು. ಒಬ್ಬ ವಕೀಲನಿಗೆ ಇಬ್ಬರು ಯಜಮಾನರು ಇದ್ದರೆ ಇಷ್ಟೇ.

ಸೆನೆಟಿನವರು ಎರಡೂ ಸದನಕ್ಕೆ ಸೇರಿ ಒಂದೇ ಕಚೇರಿ ಬಯಸಿದ್ದರು. ಕೆಳಮನೆ ಒಪ್ಪಲಿಲ್ಲ. ಅಲ್ಲಿ ಸದನದ ಕ್ಲರ್ಕ್ ಕಚೇರಿಯಲ್ಲೇ ಒಬ್ಬ ವಕೀಲರನ್ನು ಇಟ್ಟುಕೊಂಡು ಕೆಲಸ ನಡೆಸುತ್ತಿದ್ದರು. (ಕ್ಲರ್ಕ್ ಅಂದರೆ ಗುಮಾಸ್ತ ಅಲ್ಲ, ನಮ್ಮ ಲೋಕಸಭೆಯ ಮಹಾಕಾರ್ಯದರ್ಶಿ ಇದ್ದ ಹಾಗೆ.) ಕೊನೆಗೆ 1978ರ ಅಕ್ಟೋಬರ್ 26ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ‘ಎಥಿಕ್ಸ್ ಇನ್ ಗವರ್ನಮೆಂಟ್ ಆ್ಯಕ್ಟ್‌’ನ ಏಳನೇ ಅಧ್ಯಾಯದಲ್ಲಿ ಸೆನೆಟ್ ಒಂದಕ್ಕೇ ಸ್ವಂತ ವಕೀಲರ ಕಚೇರಿ ಹುಟ್ಟಿತು. 1979ರಲ್ಲಿ ಮೈಕೆಲ್ ಡೇವಿಡ್‌ಸನ್ ಮೊದಲ ಸೆನೆಟ್ ಲೀಗಲ್ ಕೌನ್ಸೆಲ್ ಆದರು.

ಕಚೇರಿ ಮಾಡುವುದು ದೊಡ್ಡ ವಿಷಯ ಅಲ್ಲ, ನಾಲ್ಕು ಮೇಜು, ಹತ್ತು ಬೀರು ಇಟ್ಟರೆ ಆಯಿತು. ಕಷ್ಟ ಇರುವುದು ಆ ವಕೀಲ ಯಾರ ಮಾತು ಕೇಳಬೇಕು ಅನ್ನುವುದರಲ್ಲಿ. ಸೆನೆಟ್ ಅಂದರೆ ನೂರು ಜನ, ಎರಡು ಪಕ್ಷ, ನೂರು ಅಭಿಪ್ರಾಯ. ಈ ಕಾನೂನು ಬರೆದವರ ಜಾಣತನ ನನಗೆ ಕಾಣುವುದು ಇಲ್ಲೇ. ವಕೀಲರ ಮೇಲ್ವಿಚಾರಣೆಗೆ ಏಳು ಜನರ ಗುಂಪು: ಸೆನೆಟಿನ ಹಂಗಾಮಿ ಸಭಾಪತಿ, ಎರಡೂ ಪಕ್ಷದ ನಾಯಕರು, ನ್ಯಾಂಗ ಸಮಿತಿ ಮತ್ತು ನಿಯಮಗಳ ಸಮಿತಿಯ ಅಧ್ಯಕ್ಷರು, ಆ ಎರಡೂ ಸಮಿತಿಯ ವಿರೋಧ ಪಕ್ಷದ ಹಿರಿಯ ಸದಸ್ಯರು. ಲೆಕ್ಕ ಹಾಕಿ ನೋಡಿ. ಬಹುಮತದ ಪಕ್ಷದವರು ನಾಲ್ಕು, ಅಲ್ಪಮತದವರು ಮೂರು. ಸೆನೆಟನ್ನು ಸಮರ್ಥಿಸಿಕೊಳ್ಳಲು ವಕೀಲರಿಗೆ ಆದೇಶ ಕೊಡಬೇಕಾದರೆ ಮೂರನೇ ಎರಡು ಭಾಗ ಬೇಕು, ಅಂದರೆ ಐದು ಜನ. ನಾಲ್ಕು ಸಾಲದು. ಎದುರು ಪಕ್ಷದ ಒಬ್ಬರಾದರೂ ಕೈ ಎತ್ತಲೇಬೇಕು. ಇಲ್ಲವಾದರೆ ಇಡೀ ಸೆನೆಟ್ ನಿರ್ಣಯ ಮಾಡಬೇಕು. ಸಮನ್ಸ್ ಜಾರಿಗಾಗಿ ಕೋರ್ಟಿಗೆ ಹೋಗುವುದಕ್ಕೂ, ಬೇರೆಯವರ ಕೇಸಿನಲ್ಲಿ ಮಧ್ಯಪ್ರವೇಶ ಮಾಡುವುದಕ್ಕೂ ನಿರ್ಣಯವೇ ಬೇಕು. ನೇಮಕದಲ್ಲೂ ಎರಡೂ ಪಕ್ಷದ ನಾಯಕರ ಶಿಫಾರಸು ಇರಬೇಕು, ಅಭ್ಯರ್ಥಿಯ ಪಕ್ಷ ನೋಡುವ ಹಾಗಿಲ್ಲ. ಡೇವಿಡ್‌ಸನ್ 1995ರವರೆಗೆ ಆ ಕುರ್ಚಿಯಲ್ಲಿದ್ದರು. ಅಷ್ಟರಲ್ಲಿ ಸೆನೆಟಿನ ಬಹುಮತ ಈ ಕಡೆಯಿಂದ ಆ ಕಡೆಗೆ ಹಲವು ಸಲ ಹೊರಳಿತ್ತು.

ಒಂದು ಕೊರತೆಯೂ ಉಳಿಯಿತು. ಸೆನೆಟಿನ ಸಮನ್ಸ್ ಜಾರಿ ಮಾಡುವ ಅಧಿಕಾರವನ್ನು ಈ ಕಾನೂನು ವಾಷಿಂಗ್ಟನ್ನಿನ ಜಿಲ್ಲಾ ಕೋರ್ಟಿಗೆ ಕೊಟ್ಟಿತು. ಆದರೆ ಅಧಿಕೃತ ಕೆಲಸದಲ್ಲಿರುವ ಕಾರ್ಯಾಂಗದ ಅಧಿಕಾರಿಗಳಿಗೆ ಕೊಟ್ಟ ಸಮನ್ಸನ್ನು ಹೊರಗಿಟ್ಟಿತು! ನಿಕ್ಸನ್ ಟೇಪಿನ ಜಗಳದಿಂದ ಹುಟ್ಟಿದ ಕಾನೂನು, ನಿಕ್ಸನ್‌ನಂಥವರ ಮೇಲೆ ಮಾತ್ರ ನಡೆಯದು. ಹಲ್ಲು ಕಟ್ಟಿಸಿಕೊಂಡು ಬಂದವನಿಗೆ ಚಕ್ಕುಲಿ ತಿನ್ನಬೇಡ ಅಂದ ಹಾಗೆ.

ಹೊಸ ಕಚೇರಿಯ ದೊಡ್ಡ ಪರೀಕ್ಷೆ ತಂದವನು ನಮ್ಮ ಮೂಲದ ಒಬ್ಬ ವಿದ್ಯಾರ್ಥಿ. ಜಗದೀಶ್ ರಾಯ್ ಚಡ್ಡಾ ಕೀನ್ಯಾದಲ್ಲಿ ಹುಟ್ಟಿದ ಭಾರತೀಯ, ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್, ಓದಲು ಬಂದಿದ್ದು ಅಮೆರಿಕಕ್ಕೆ. 1972ರಲ್ಲಿ ವೀಸಾ ಮುಗಿಯಿತು. ಕೀನ್ಯಾದಲ್ಲಿದ್ದ ಭಾರತೀಯರಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಬ್ರಿಟನ್ ಬಾಗಿಲನ್ನು 1968ರಲ್ಲೇ ಅರ್ಧ ಮುಚ್ಚಿತ್ತು. ಗಡೀಪಾರು ಮಾಡಿದರೆ ತೀವ್ರ ಕಷ್ಟ ಅಂತ ಒಪ್ಪಿ 1974ರ ಜೂನ್ 25ರಂದು ವಲಸೆ ನ್ಯಾಯಾಧೀಶರು ಅವನಿಗೆ ಇರಲು ಬಿಟ್ಟರು. ಆದರೆ ಕಾನೂನಿನಲ್ಲಿ ಒಂದು ಕೊಕ್ಕೆ ಇತ್ತು. ಕಾಂಗ್ರೆಸ್ಸಿನ ಯಾವುದಾದರೂ ಒಂದು ಸದನ ಬೇಡ ಅಂದರೆ ಆ ಅನುಮತಿ ರದ್ದು. 1975ರ ಡಿಸೆಂಬರ್ 16ರಂದು, 340 ಹೆಸರುಗಳ ಪೈಕಿ ಆರು ಜನರಿಗೆ ಕೆಳಮನೆ ಬೇಡ ಅಂದಿತು. ಅದರಲ್ಲಿ ಚಡ್ಡಾ ಒಬ್ಬ. ನಿರ್ಣಯದ ಪ್ರತಿ ಅಚ್ಚಾಗಿರಲಿಲ್ಲ, ಸದಸ್ಯರ ಕೈಗೆ ಸಿಕ್ಕಿರಲಿಲ್ಲ, ಚರ್ಚೆಯೂ ಆಗಲಿಲ್ಲ. ಒಬ್ಬ ಮನುಷ್ಯನ ಬದುಕು ಒಂದು ‘ಹೌದು’ ಕೂಗಿನಲ್ಲಿ ತೀರ್ಮಾನ ಆಯಿತು.

ಚಡ್ಡಾ ಕೋರ್ಟಿಗೆ ಹೋದ. ಅಲ್ಲಿ ಮತ್ತೆ ಲವೆಟ್ ಕಥೆ. ಅವನನ್ನು ಹೊರಗೆ ಕಳಿಸಬೇಕಿದ್ದ ವಲಸೆ ಇಲಾಖೆಯೇ ‘ಒಂದೇ ಸದನದ ಈ ತಡೆ ಸಂವಿಧಾನಕ್ಕೆ ವಿರುದ್ಧ’ ಅಂತ ಅವನ ಜೊತೆ ನಿಂತಿತು. ಯಾವ ಅಧ್ಯಕ್ಷನಿಗೂ ತನ್ನ ಇಲಾಖೆಯ ಮೇಲೆ ಸದನಕ್ಕೆ ಅಂಥ ಮೂಗುದಾರ ಇರುವುದು ಬೇಕಿರಲಿಲ್ಲ. ಮೇಲ್ಮನವಿ ಕೋರ್ಟು ಎರಡೂ ಸದನಗಳನ್ನು ನೀವೂ ವಾದಿಸಿ ಅಂತ ಕರೆಯಿತು. ಆಂಥೊನಿ ಕೆನಡಿ ಅನ್ನುವ ನ್ಯಾಯಾಧೀಶರು 1980ರಲ್ಲಿ ಚಡ್ಡಾ ಪರ ತೀರ್ಪು ಬರೆದರು. ಸುಪ್ರೀಂ ಕೋರ್ಟಿನಲ್ಲಿ 1982ರಲ್ಲಿ ಎರಡೆರಡು ಸಲ ವಾದ ನಡೆಯಿತು. ಸೆನೆಟ್ ಪರ ಡೇವಿಡ್‌ಸನ್, ಕೆಳಮನೆ ಪರ ಯೂಜೀನ್ ಗ್ರೆಸ್‌ಮನ್. ಈ ಸಲ ಅಮಿಕಸ್ ಸಾಲಿನಲ್ಲಲ್ಲ, ಕಕ್ಷಿದಾರರಾಗಿ.

ವಾದಿ ಪ್ರತಿವಾದಿ ಒಂದೇ ಮಾತಾಡುತ್ತಿರುವಾಗ ಇಲ್ಲಿ ವ್ಯಾಜ್ಯವೇ ಎಲ್ಲಿದೆ ಅನ್ನುವ ಪ್ರಶ್ನೆ ಎದ್ದೇ ಎದ್ದಿತು. ಕಾನೂನು ಜಾರಿ ಮಾಡಬೇಕಾದ ಇಲಾಖೆಯೇ ಅದು ಅಸಿಂಧು ಅಂದಾಗ ಅದನ್ನು ಸಮರ್ಥಿಸಲು ಕಾಂಗ್ರೆಸ್ಸೇ ಸರಿಯಾದ ಪಕ್ಷಕಾರ ಅಂತ ಕೋರ್ಟು ಹೇಳಿತು. ನಂತರ, 1983ರ ಜೂನ್ 23ರಂದು, 7-2 ಅಂತರದಲ್ಲಿ ಅದೇ ಕಾಂಗ್ರೆಸ್ಸನ್ನು ಸೋಲಿಸಿತು. ಅಂಥ ತಡೆಯ ಅಧಿಕಾರ ಇಟ್ಟುಕೊಂಡಿದ್ದ ಸುಮಾರು 200 ಕಲಮುಗಳು ಒಂದೇ ಏಟಿಗೆ ಬಿದ್ದವು ಅಂತ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ವೈಟ್ ಮರುಗಿದರು. ಚಡ್ಡಾ ಅಮೆರಿಕದಲ್ಲೇ ಉಳಿದ.

ಹಾಗಾದರೆ ಸ್ವಂತ ವಕೀಲ ಇಟ್ಟುಕೊಂಡು ಕಾಂಗ್ರೆಸ್ಸಿಗೆ ಸಿಕ್ಕಿದ್ದೇನು, ಸೋಲು ತಾನೇ ಅಂತ ಕೇಳಬಹುದು. ನನಗೆ ಹಾಗನಿಸುವುದಿಲ್ಲ. ಸದನಕ್ಕೆ ವಕೀಲ ಬೇಕಾಗಿರುವುದು ಗೆಲ್ಲಿಸುವುದಕ್ಕಲ್ಲ. ಅದರ ಮಾತನ್ನೂ ಪೂರ್ತಿ ಕೇಳಿ ತೀರ್ಪು ಬರಲಿ ಅಂತ. ಎದುರಾಳಿ ಇಲ್ಲದೆ ಸಿಕ್ಕ ತೀರ್ಪನ್ನು ನಾಳೆ ಯಾರು ಬೇಕಾದರೂ ಒಪ್ಪಂದದ ತೀರ್ಪು ಅಂತ ಪಕ್ಕಕ್ಕೆ ತಳ್ಳಬಹುದು. ಡೇವಿಡ್‌ಸನ್ ಅಲ್ಲಿ ನಿಂತು ಸೋತಿದ್ದರಿಂದಲೇ ಚಡ್ಡಾನ ಗೆಲುವು ಗಟ್ಟಿಯಾಯಿತು.

ಇನ್ನು ಕೆಳಮನೆಯ ಕಡೆ ಬರೋಣ. ಅಲ್ಲಿನ ವಕೀಲರ ಕಚೇರಿ 1993ರಲ್ಲಿ ಸದನದ ನಿಯಮದ ಮೂಲಕ ಪ್ರತ್ಯೇಕವಾಯಿತು. ಪಕ್ಷಭೇದ ಇಲ್ಲದೆ ಕೆಲಸ ಮಾಡಬೇಕು ಅಂತ ನಿಯಮದಲ್ಲಿದೆ. ಆದರೆ ನಿರ್ದೇಶನ ಕೊಡುವವರು ಸ್ಪೀಕರ್. ಅವರು ಸಲಹೆ ಕೇಳುವುದು ಐವರ ಗುಂಪನ್ನು: ಸ್ಪೀಕರ್, ಎರಡೂ ಪಕ್ಷದ ನಾಯಕರು, ಇಬ್ಬರು ಸಚೇತಕರು. ಇಲ್ಲಿ ಮೂರು ಎರಡು, ಮೂರೇ ಸಾಕು. ಹೆಸರು ಮಾತ್ರ ‘ಉಭಯಪಕ್ಷೀಯ’.

2011ರ ಫೆಬ್ರವರಿಯಲ್ಲಿ ಒಬಾಮಾ ಸರ್ಕಾರ, ಮದುವೆ ಅಂದರೆ ಗಂಡು ಹೆಣ್ಣಿನದ್ದು ಮಾತ್ರ ಎನ್ನುವ 1996ರ ಕಾನೂನನ್ನು ಇನ್ನು ಸಮರ್ಥಿಸಲ್ಲ ಅಂದಿತು. ಐವರ ಗುಂಪು 3-2ರಲ್ಲಿ ‘ನಾವು ಸಮರ್ಥಿಸ್ತೀವಿ’ ಅಂತ ತೀರ್ಮಾನಿಸಿ ಹೊರಗಿನಿಂದ ಪಾಲ್ ಕ್ಲೆಮೆಂಟ್ ಅನ್ನುವ ಹೆಸರಾಂತ ವಕೀಲರನ್ನು ಕರೆಸಿತು. ಸೆನೆಟಿನ ಕಚೇರಿ ಬಾಯಿ ಬಿಡಲಿಲ್ಲ. ಆ ಕೇಸು ಈಡಿತ್ ವಿಂಡ್ಸರ್ ಅನ್ನುವ ವೃದ್ಧೆಯದ್ದು. ತೀರಿಹೋದ ಸಂಗಾತಿಯ ಆಸ್ತಿಗೆ ಅವರು 3,63,053 ಡಾಲರ್ ತೆರಿಗೆ ಕಟ್ಟಬೇಕಾಗಿ ಬಂದಿತ್ತು, ಕಾನೂನು ಅವರ ಮದುವೆಯನ್ನು ಒಪ್ಪಿದ್ದರೆ ಅದು ಬೇಕಿರಲಿಲ್ಲ. 2013ರಲ್ಲಿ 5-4ರಲ್ಲಿ ಆಕೆ ಗೆದ್ದರು. ತೀರ್ಪು ಬರೆದವರು ಯಾರು? ಚಡ್ಡಾಗೆ 1980ರಲ್ಲಿ ತೀರ್ಪು ಕೊಟ್ಟ ಅದೇ ಕೆನಡಿ.

ಮುಂದಿನದು ಇನ್ನೂ ಸ್ವಾರಸ್ಯ. 2014ರಲ್ಲಿ ರಿಪಬ್ಲಿಕನ್ ಬಹುಮತದ ಕೆಳಮನೆ, ಒಬಾಮಾ ತನ್ನ ಆರೋಗ್ಯ ವಿಮೆ ಕಾನೂನನ್ನು ಜಾರಿ ಮಾಡುತ್ತಿರುವ ರೀತಿ ತಪ್ಪು ಅಂತ ಕೇಸು ಹಾಕಿತು. 2019ರ ಜನವರಿಯಲ್ಲಿ, ಡೆಮಾಕ್ರಟಿಕ್ ಬಹುಮತ ಬಂದ ಕೂಡಲೇ, ಟ್ರಂಪ್ ಸರ್ಕಾರ ಕೈಬಿಟ್ಟ ಅದೇ ಕಾನೂನನ್ನು ಉಳಿಸಲು ಅದೇ ಕೆಳಮನೆ ಕೋರ್ಟಿನಲ್ಲಿ ನಿಂತಿತು. ‘ಸದನದ ಪರವಾಗಿ’ ಅನ್ನುವ ಮಾತು ಎರಡು ಸಲವೂ ಒಂದೇ, ಮಾತಾಡಿದ ಬಾಯಿ ಮಾತ್ರ ಬೇರೆ.

ಸೆನೆಟಿನ ದಾರಿಯಲ್ಲೂ ಕಷ್ಟ ಇದೆ. ಇಬ್ಬರೂ ಒಪ್ಪದ ಹೊರತು ಅದರ ವಕೀಲ ಮೂಕ. ಇಂದಿನ ರಾಜಕೀಯದಲ್ಲಿ ಇಬ್ಬರೂ ಒಪ್ಪುವ ವಿಷಯ ಎಷ್ಟು ಸಿಕ್ಕಾವು? ಆದರೆ ಮಾತಾಡಿದಾಗ ಅದಕ್ಕೆ ತೂಕ ಇರುತ್ತದೆ. 2016ರಲ್ಲಿ ಬ್ಯಾಕ್‌ಪೇಜ್ ಅನ್ನುವ ಜಾಹೀರಾತು ಜಾಲತಾಣದ ಮುಖ್ಯಸ್ಥ ಸೆನೆಟ್ ಉಪಸಮಿತಿಯ ಸಮನ್ಸಿಗೆ ಸೊಪ್ಪು ಹಾಕದಿದ್ದಾಗ ಕೋರ್ಟಿಗೆ ಹೋಗುವ ನಿರ್ಣಯಕ್ಕೆ ಬಿದ್ದ ಮತ 96-0. ಅದು ಮಕ್ಕಳ ಮಾರಾಟದ ವಿಷಯ, ಯಾರಿಗೂ ಬೇರೆ ಅಭಿಪ್ರಾಯ ಇರಲಿಲ್ಲ. ಕೋರ್ಟೂ ಸೆನೆಟ್ ಪರವಾಗಿ ಆದೇಶ ಕೊಟ್ಟಿತು.

ಎರಡರಲ್ಲಿ ನನ್ನ ಒಲವು ಸೆನೆಟಿನ ಕಡೆಗೇ. ಬಹುಮತಕ್ಕೆ ಮಾತಾಡಲು ಸದನದ ವಕೀಲ ಬೇಕಿಲ್ಲ. ಅದಕ್ಕೆ ಮೈಕು, ಪತ್ರಿಕಾಗೋಷ್ಠಿ, ಚುನಾವಣೆ ಎಲ್ಲ ಇವೆ. ಸದನಕ್ಕೆ ಬೇರೆ ದನಿ ಇಲ್ಲ. ಐದನೆಯ ಕೈಯನ್ನು ಎದುರು ಬೆಂಚಿನಿಂದ ಎತ್ತಿಸುವ ಆ ಲೆಕ್ಕ ಇರುವವರೆಗೆ, ‘ಸೆನೆಟ್ ಪರವಾಗಿ’ ಅಂತ ಒಬ್ಬ ವಕೀಲ ಎದ್ದು ನಿಂತರೆ ನ್ಯಾಯಾಧೀಶರು ಆ ಮಾತನ್ನು ನಂಬಬಹುದು.